ರಕ್ತದ ದೆವ್ವವೋ, ಮಾತಿನ ದೆವ್ವವೋ?

ಕಡಿಮೆ ದುಡ್ಡಿನ ಹಾರರ್ ಕಾಮಿಡಿಗಳಲ್ಲಿ ನನ್ನ ಲೆಕ್ಕಕ್ಕೆ ಎರಡೇ ಜಾತಿ. ಒಂದು, ಬಕೆಟ್‌ಗಟ್ಟಲೆ ರಕ್ತ ಸುರಿಸಿ ನಗಿಸುವುದು. ಇನ್ನೊಂದು, ಮಾತಿನಲ್ಲೇ ಹೆದರಿಸಿ ಮಾತಿನಲ್ಲೇ ನಗಿಸುವುದು. ಮೊದಲನೆಯದರಲ್ಲಿ ಅಮೆರಿಕ, ನ್ಯೂಜಿಲೆಂಡಿನವರು ಪಳಗಿದ ಕೈ. ಎರಡನೆಯದರಲ್ಲಿ ಈಗ ನಮ್ಮ ಕರಾವಳಿಯವರೂ ಮಲಯಾಳದವರೂ ಜೋರು. ಯಾವುದು ಮೇಲು ಅಂತ ಭಾವನಿಗೂ ನನಗೂ ವಾದ ಮುಗಿದದ್ದೇ ಇಲ್ಲ. ಭಾವ ರಕ್ತದ ಪಕ್ಷ, ನಾನು ಮಾತಿನ ಪಕ್ಷ. ಕೊನೆಗೆ ಮಳೆಗಾಲದಲ್ಲಿ ಎರಡೂ ಕಡೆಯ ಸಿನಿಮಾಗಳನ್ನು ಮನೆಯವರ ಎದುರೇ ಹಾಕಿ ನೋಡುವುದು ಅಂತ ಆಯಿತು.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. ಮಳೆಗಾಲದ ರಾತ್ರಿ ಅಡಿಕೆ ತೋಟದ ಕಡೆ ಮುಖ ಮಾಡಿ ಕೂತರೆ ಹಾರರ್‌ಗೆ ಬೇರೆ ಸೆಟ್ ಬೇಡ. ಚಾವಡಿಯ ಗೋಡೆಗೆ ಬಿಳಿ ಮುಂಡು ಕಟ್ಟಿ, ಭಾವ ತಂದ ಹಳೆ ಪ್ರೊಜೆಕ್ಟರ್ ಇಟ್ಟೆವು. ನೋಡಲು ಅಜ್ಜಿ, ಅಕ್ಕ, ಪ್ಲಸ್ ಟೂ ಓದುವ ಅಕ್ಕನ ಮಗ, ಅವನ ಫ್ರೆಂಡ್ ಆದ ಪಕ್ಕದ ಮನೆಯ ಬ್ಯಾರಿ ಹುಡುಗ. ಜೊತೆಗೆ ಹಲಸಿನ ಹಪ್ಪಳ. ಸಣ್ಣ ಮಕ್ಕಳನ್ನು ಮಲಗಿಸಿಯೇ ಶುರು ಮಾಡಿದ್ದು. ರಕ್ತದ ಸಿನಿಮಾ ಹಾಕುವವರು ಇದೊಂದನ್ನು ಮರೆಯಬೇಡಿ. ಕಾಮಿಡಿ ಅಂತ ಹೆಸರಿದ್ದರೂ ಅವು ಮಕ್ಕಳಿಗಲ್ಲ.

ಭಾವನ ಕಡೆಯಿಂದ ಮೊದಲು ಬಂದದ್ದು ‘ಈವಿಲ್ ಡೆಡ್ 2’. ಇದರ ಹಿಂದಿನ ಕತೆ ಸ್ವಲ್ಪ ಹೇಳಬೇಕು. 1981ರ ಮೊದಲ ‘ಈವಿಲ್ ಡೆಡ್’ ಮಾಡುವಾಗ ನಿರ್ದೇಶಕ ಸ್ಯಾಮ್ ರೈಮಿ ಇಪ್ಪತ್ತರ ಹುಡುಗ. ಪರಿಚಯದವರು, ಊರಿನ ವ್ಯಾಪಾರಿಗಳು, ಹಲ್ಲಿನ ಡಾಕ್ಟರುಗಳು ಹೀಗೆ ಸಿಕ್ಕಿದವರಿಂದ ದುಡ್ಡು ಎತ್ತಿ, ಟೆನೆಸ್ಸಿಯ ಕಾಡಿನ ಒಂದು ಗುಡಿಸಲಿನಲ್ಲಿ ಶೂಟಿಂಗ್ ಮಾಡಿದರು. ಒಟ್ಟು ಖರ್ಚು ಹೆಚ್ಚುಕಡಿಮೆ 3,75,000 ಡಾಲರ್. ಕ್ಯಾಮೆರಾ ಓಡಿಸುವ ದೊಡ್ಡ ಉಪಕರಣಕ್ಕೆ ದುಡ್ಡಿಲ್ಲ. ಒಂದು ಹಲಗೆಗೆ ಕ್ಯಾಮೆರಾ ಬಿಗಿದು, ಎರಡು ತುದಿಯಲ್ಲಿ ಇಬ್ಬರು ಹಿಡಿದು ಕಾಡಿನಲ್ಲಿ ಓಡಿದರು. ಪರದೆಯಲ್ಲಿ ಅದೇ ದೆವ್ವದ ಓಟ ಆಯಿತು. ಇವತ್ತಿಗೂ ಆ ಓಟ ನೋಡಿದರೆ ಮೈ ಜುಂ ಅನ್ನುತ್ತದೆ. ರಕ್ತ ಅಂದರೆ ಜೋಳದ ಸಿರಪ್ಪಿಗೆ ಬಣ್ಣ ಕಲಸಿದ್ದು. ಒಣಗಿದರೆ ಅಂಗಿ ರಟ್ಟಿನ ಹಾಗೆ ಗಟ್ಟಿ ಆಗುತ್ತಿತ್ತಂತೆ.

1987ರ ಎರಡನೇ ಭಾಗಕ್ಕೆ ದುಡ್ಡು ಸುಮಾರು ಹತ್ತು ಪಟ್ಟು ಸಿಕ್ಕಿತು. ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್ ಒಂದು ಮಾತು ಹೇಳಿದ್ದರಿಂದ ನಿರ್ಮಾಪಕರು ಒಪ್ಪಿದರು. ಆದರೂ ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸೇ. ಗುಡಿಸಲಿನ ಒಳಭಾಗವನ್ನು ನಾರ್ತ್ ಕ್ಯಾರೊಲಿನಾದ ಒಂದು ಶಾಲೆಯ ಜಿಮ್‌ನೊಳಗೆ ಕಟ್ಟಿದರು. ಮೊದಲ ಭಾಗದಲ್ಲಿ ಹೆದರಿಕೆ ಜಾಸ್ತಿ. ಇದರಲ್ಲಿ ಅದೇ ಕತೆಯನ್ನು ಎತ್ತಿಕೊಂಡು ನಗಿಸಲು ಹೊರಟಿದ್ದಾರೆ.

ನಮ್ಮ ಚಾವಡಿಯಲ್ಲಿ ಬಿದ್ದ ಮೊದಲ ದೊಡ್ಡ ನಗು ಅಡುಗೆಮನೆಯ ದೃಶ್ಯಕ್ಕೆ. ಹೀರೋ ಆ್ಯಶ್‌ನ ಒಂದು ಕೈಗೆ ಮಾತ್ರ ದೆವ್ವ ಹಿಡಿದಿದೆ. ಅದು ಅವನ ತಲೆಗೇ ತಟ್ಟೆ ಒಡೆಯುತ್ತದೆ. ಒಂದು, ಇನ್ನೊಂದು, ಮತ್ತೊಂದು. ಅವನು ಮೂರ್ಛೆ ತಪ್ಪಿ ಬೀಳುತ್ತಾನೆ. ಆಮೇಲೆ ಕೈ ಒಂದೇ ಎಚ್ಚರ. ಬೆರಳುಗಳನ್ನು ನೆಲಕ್ಕೆ ಊರುತ್ತಾ, ಎಚ್ಚರವಿಲ್ಲದ ಇಡೀ ದೇಹವನ್ನು ಕತ್ತಿ ಇರುವ ಕಡೆಗೆ ಇಂಚಿಂಚೇ ಎಳೆದುಕೊಂಡು ಹೋಗುತ್ತದೆ. ಆ್ಯಶ್ ಪಾತ್ರದ ಬ್ರೂಸ್ ಕ್ಯಾಂಪ್‌ಬೆಲ್ ಒಬ್ಬನೇ ಇಬ್ಬರಾಗಿ ಹೊಡೆದಾಡುತ್ತಾನೆ. ಗ್ರಾಫಿಕ್ಸ್ ಇಲ್ಲ, ಏನೂ ಇಲ್ಲ. ಒಬ್ಬ ಮನುಷ್ಯ, ಅವನ ಒಂದು ಕೈ, ನಾಲ್ಕು ತಟ್ಟೆ. ಹುಡುಗರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಮಾತ್ರ ವೀಳ್ಯ ಜಗಿಯುವುದು ನಿಲ್ಲಿಸಿ ಕೇಳಿದರು:

“ಅಲ್ಲ ಮಗಾ, ಈ ಹುಡುಗನಿಗೆ ಮನೆಯವರು ಅಂತ ಯಾರೂ ಇಲ್ವಾ? ಒಬ್ಬ ಮಂತ್ರವಾದಿಯನ್ನಾದರೂ ಕರೆಯಬಾರದಾ?”

ಸುಮ್ನೆ ಕೇಳಿದ ಮಾತು. ಆದರೆ ನಮ್ಮ ಇಡೀ ವಾದಕ್ಕೆ ಬೇಕಾದ ಅಳತೆಗೋಲು ನನಗೆ ಸಿಕ್ಕಿದ್ದು ಅಲ್ಲೇ. ಅವರ ಸಿನಿಮಾದಲ್ಲಿ ದೆವ್ವ ಬಂದರೆ ಮನುಷ್ಯ ಒಂಟಿ ಆಗುತ್ತಾನೆ. ನಮ್ಮ ಸಿನಿಮಾದಲ್ಲಿ ದೆವ್ವ ಬಂದರೆ ಊರಿಡೀ ಮನೆಯೊಳಗೆ ಬರುತ್ತದೆ. ಒಂಟಿ ಮನುಷ್ಯನನ್ನು ಇಟ್ಟುಕೊಂಡು ನಗಿಸಬೇಕಾದರೆ ಮೈಯೇ ಬೇಕು, ರಕ್ತವೇ ಬೇಕು. ಊರೇ ಇದ್ದರೆ ಮಾತು ಸಾಕು.

ಭಾವನ ಎರಡನೇ ಬಾಣ ‘ಬ್ಯಾಡ್ ಟೇಸ್ಟ್’, ಅದೂ 1987ರದ್ದೇ. ಮುಂದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿದ ಪೀಟರ್ ಜಾಕ್ಸನ್ ಅವರ ಮೊದಲ ಸಿನಿಮಾ. ವೆಲ್ಲಿಂಗ್ಟನ್ನಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿಕೊಂಡು, ರಜೆಯ ದಿನಗಳಲ್ಲಿ ಫ್ರೆಂಡ್ಸ್ ಕಟ್ಟಿಕೊಂಡು ನಾಲ್ಕು ವರ್ಷ ಶೂಟ್ ಮಾಡಿದ್ದು. ಅನ್ಯಗ್ರಹದವರ ಮುಖವಾಡಗಳನ್ನು ಅಮ್ಮನ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದ್ದರು. ಕತೆ ಇಷ್ಟೇ: ಮನುಷ್ಯರ ಮಾಂಸವನ್ನು ತಮ್ಮ ಹೋಟೆಲಿಗೆ ಸಾಗಿಸಲು ಅನ್ಯಗ್ರಹದವರು ಬಂದಿದ್ದಾರೆ. ಜಾಕ್ಸನ್ ಎರಡು ಪಾತ್ರ ಮಾಡಿ, ಒಂದು ಕಡೆ ತನ್ನೊಂದಿಗೆ ತಾನೇ ಜಗಳಕ್ಕೆ ಬೀಳುತ್ತಾರೆ. ಗುರಿ ತಪ್ಪಿದ ರಾಕೆಟ್ ಬಿದ್ದು ಸುಮ್ಮನೆ ಮೇಯುತ್ತಿದ್ದ ಕುರಿಯೊಂದು ಸಿಡಿದುಹೋಗುವ ಜಾಗ ಉಂಟು. ಬ್ಯಾರಿ ಹುಡುಗ ಅದನ್ನು ರಿವೈಂಡ್ ಮಾಡಿಸಿ ಮತ್ತೆ ನೋಡಿದ.

ದುಡ್ಡಿಲ್ಲದ ಸಿನಿಮಾದ ರುಚಿ ಇದರಲ್ಲಿ ಗೊತ್ತಾಗುತ್ತದೆ. ಪ್ರತಿ ಶಾಟ್‌ನಲ್ಲೂ ಇದನ್ನು ಯಾರೋ ಕೈಯಲ್ಲೇ ಮಾಡಿದ್ದಾರೆ ಅಂತ ಕಾಣುತ್ತದೆ. ಮುಖವಾಡದ ಅಂಚು ಕಂಡರೂ ಬೇಜಾರಿಲ್ಲ. ಮಾಡಿದವರ ಹುರುಪು ನೋಡುವವರಿಗೂ ಹತ್ತುತ್ತದೆ.

ನಮಗೆ ಇದೇನೂ ಹೊಸದಲ್ಲ. ಯಕ್ಷಗಾನದ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದನ್ನು ನೆನಪು ಮಾಡಿಕೊಳ್ಳಿ. ಗದ್ದೆಯ ಆ ತುದಿಯಿಂದ, ಪ್ರೇಕ್ಷಕರ ಹಿಂದಿನಿಂದ ಬರುತ್ತಾನೆ. ದೀವಟಿಗೆಗೆ ರಾಳ ಎರಚಿ ಭಗ್ ಅಂತ ಬೆಂಕಿ, ಚೆಂಡೆಯ ಅಬ್ಬರ, ಕೋಡು. ಮಕ್ಕಳು ಕಿರುಚಿ ಅಮ್ಮನ ಮಡಿಲಿಗೆ. ಎರಡು ನಿಮಿಷ ಕಳೆದರೆ ಅದೇ ಮಕ್ಕಳು ಕೋಣನ ಚೇಷ್ಟೆಗೆ ಬಿದ್ದು ಬಿದ್ದು ನಗುತ್ತಾರೆ. ಕುಂಬಳೆ ಸೀಮೆಯವರಿಗೆ ಹೆದರಿಕೆ ಮತ್ತು ನಗು ಒಂದೇ ರಂಗಸ್ಥಳದಲ್ಲಿ ಇರುವುದು ವಿಚಿತ್ರ ಅಲ್ಲವೇ ಅಲ್ಲ. ಅತಿರೇಕವೂ ನಮಗೆ ಅಭ್ಯಾಸ. ಆದ್ದರಿಂದ ‘ಇದು ತೀರಾ ಓವರ್ ಆಯಿತು’ ಅಂತ ಯಾರೂ ಗೊಣಗಲಿಲ್ಲ.

ಗೊಣಗಿದ್ದು ಬೇರೆ ಕಾರಣಕ್ಕೆ. ‘ಬ್ಯಾಡ್ ಟೇಸ್ಟ್’ನಲ್ಲಿ ಅನ್ಯಗ್ರಹದವರು ವಾಂತಿಯ ಬೋಗುಣಿಯನ್ನು ಕೈಯಿಂದ ಕೈಗೆ ದಾಟಿಸಿ ಕುಡಿಯುವ ದೃಶ್ಯ ಬಂತು. ಅಕ್ಕ ಹಪ್ಪಳದ ತಟ್ಟೆ ಎತ್ತಿಕೊಂಡು ಸೀದಾ ಒಳಗೆ ಹೋದಳು. ಮತ್ತೆ ಬರಲಿಲ್ಲ. ಅವಳು ಹೋದದ್ದು ಅಸಹ್ಯಕ್ಕೆ. ಉಳಿದವರಿಗೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ತೊಂದರೆ ಶುರು ಆಯಿತು: ಏನೂ ಅನ್ನಿಸದೆ ಹೋಗುವುದು. ಮೊದಲ ತಲೆ ಉರುಳಿದಾಗ ಕಿರುಚುತ್ತೇವೆ. ಮೂರನೆಯದಕ್ಕೆ ನಗುತ್ತೇವೆ. ಏಳನೆಯದಕ್ಕೆ ಮೊಬೈಲ್ ನೋಡುತ್ತೇವೆ. ರಕ್ತವನ್ನು ಇನ್ನೂ ಜಾಸ್ತಿ ಮಾಡುವುದು ಬಿಟ್ಟರೆ ಇಂಥ ಸಿನಿಮಾಕ್ಕೆ ಮುಂದೆ ಹೋಗಲು ದಾರಿಯೇ ಇಲ್ಲ. ಇವು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುವುದು ದೊಡ್ಡ ಪುಣ್ಯ. ಅರ್ಧ ಗಂಟೆ ಹೆಚ್ಚಾದರೆ ಭಾವನೂ ಆಕಳಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ರಕ್ತದ ಸಿನಿಮಾ ಎಲ್ಲರಿಗಿಂತ ಮುಂದೆ. ಅದಕ್ಕೆ ಭಾಷೆ ಬೇಡ. ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಓಡಾಡುವ ನಮ್ಮಂಥ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಕೈ ತಲೆಗೆ ತಟ್ಟೆ ಒಡೆದದ್ದು ಅಜ್ಜಿಯಿಂದ ಹಿಡಿದು ಬ್ಯಾರಿ ಹುಡುಗನವರೆಗೆ ಎಲ್ಲರಿಗೂ ಒಂದೇ ಸಲ ಗೊತ್ತಾಯಿತು.

ನನ್ನ ಕಡೆಯಿಂದ ಮೊದಲು ‘ರೋಮಾಂಚಂ’. ಜಿತು ಮಾಧವನ್ ಅವರ ಮಲಯಾಳಂ ಚಿತ್ರ, 2023ರದ್ದು. ಕತೆ ನಡೆಯುವುದು 2007ರ ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಕೆಲಸ ಇದ್ದೂ ಇಲ್ಲದ ಹುಡುಗರ ದಂಡು. ಹೊತ್ತು ಹೋಗದೆ ಕೇರಂ ಬೋರ್ಡನ್ನೇ ಓಜಾ ಬೋರ್ಡ್ ಮಾಡಿ, ಗ್ಲಾಸ್ ಕವುಚಿ ಹಾಕಿ ಆತ್ಮ ಕರೆಯುತ್ತಾರೆ. ಇಡೀ ಸಿನಿಮಾದ ಬಂಡವಾಳ ಹೆಚ್ಚುಕಡಿಮೆ ಅಷ್ಟೇ: ಒಂದು ಮನೆ, ಒಂದು ಬೋರ್ಡ್, ಒಂದು ಗ್ಲಾಸ್. ಗ್ಲಾಸ್ ಮೇಲೆ ಬೆರಳಿಟ್ಟವರ ಮುಖಗಳನ್ನೇ ತೋರಿಸಿ ನಗಿಸುತ್ತಾರೆ. ತಳ್ಳುತ್ತಿರುವವನು ಯಾರು, ನಿಜವಾಗಿ ಹೆದರಿದವನು ಯಾರು, ಹೆದರಿದ ಹಾಗೆ ಮಾಡುವವನು ಯಾರು ಅಂತ ಗೊತ್ತೇ ಆಗುವುದಿಲ್ಲ. ಬೆಂಗಳೂರಿನಲ್ಲಿ ಎಂಟು ಜನ ಒಂದು ರೂಮಿನಲ್ಲಿ ಇದ್ದು ಬಂದವರು ಕಾಸರಗೋಡಿನಲ್ಲಿ ಮನೆಗೊಬ್ಬರಾದರೂ ಇದ್ದಾರೆ. ನಾನೂ ಅದರಲ್ಲಿ ಒಬ್ಬ. ಆ ಚಾಪೆ, ಆ ಬಾತ್‌ರೂಮ್ ಕ್ಯೂ ನೋಡಿಯೇ ನನಗೆ ಅರ್ಧ ನಗು ಬಂತು.

ಕೊರತೆಯೂ ಉಂಟು. ಹೆದರಿಕೆ ಏರುತ್ತಾ ಏರುತ್ತಾ ಬಂದು, ಇನ್ನೇನು ಗುಟ್ಟು ಬಿಡಿಸುತ್ತಾರೆ ಅನ್ನುವಾಗ ಮುಂದಿನ ಭಾಗಕ್ಕೆ ಅಂತ ಬಾಕಿ ಇಟ್ಟು ಎದ್ದುಬಿಡುತ್ತಾರೆ. ಅಕ್ಕನ ಮಗ ಕುರ್ಚಿ ತಳ್ಳಿ ಎದ್ದ. ಭಾವ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆ ರಾತ್ರಿ ನನ್ನ ಪಕ್ಷ ಸ್ವಲ್ಪ ಸಪ್ಪೆ.

‘ಸು ಫ್ರಮ್ ಸೋ’ ಹಾಕಿದ ದಿನ ಮಾತ್ರ ಚಾವಡಿಯಲ್ಲಿ ಜಾಗ ಸಾಲಲಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಹೆಸರಿನಲ್ಲೇ ನಮ್ಮ ಮಂಜೇಶ್ವರದ ತುಮಿನಾಡನ್ನು ಇಟ್ಟುಕೊಂಡವರು. 2025ರ ಜುಲೈ 25ಕ್ಕೆ, ಅಂದರೆ ಸರಿಯಾಗಿ ತುಳುವರ ಆಟಿ ತಿಂಗಳಲ್ಲೇ ಬಿಡುಗಡೆ ಆದ ಸಿನಿಮಾ. ಕೆಲವೇ ಕೋಟಿಯಲ್ಲಿ ಮಾಡಿದ್ದು, ಬಾಯಿಂದ ಬಾಯಿಗೆ ಹಬ್ಬಿ ನೂರು ಕೋಟಿ ದಾಟಿತು. ನಾನು ಮೊದಲು ಮಂಗಳೂರಿನ ಥಿಯೇಟರಿನಲ್ಲಿ ನೋಡಿದ್ದೆ. ಸಾಮಾನ್ಯಕ್ಕೆ ಥಿಯೇಟರಿನಲ್ಲಿ ನಕ್ಕದ್ದು ಮನೆಯಲ್ಲಿ ಅರ್ಧ ಆಗುತ್ತದೆ. ಇದು ಮನೆಯಲ್ಲಿ ಜಾಸ್ತಿ ಆಯಿತು.

ಕಾರಣ ಅದೇ, ಊರು. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಸುದ್ದಿ ಆದ ಕೂಡಲೇ ಊರಿನವರೆಲ್ಲ ಹಾಜರ್. ಹೆದರುವವರು, ಸಲಹೆ ಕೊಡುವವರು, ಸುಮ್ನೆ ನೋಡಲು ಬಂದವರು. ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ. ಶನೀಲ್ ಗೌತಮ್ ಮಾಡಿದ ಈ ಪಾತ್ರ ನಮ್ಮ ಊರಲ್ಲೂ ಒಂದು ಉಂಟು, ಹೆಸರು ಬೇಡ. ರಾಜ್ ಬಿ. ಶೆಟ್ಟಿ ಅವರ ಗುರೂಜಿ ಬರುವ ಹೊತ್ತಿಗೆ ಅಜ್ಜಿಯ ಕಣ್ಣಲ್ಲಿ ನೀರು, ನಗೆಯದ್ದು. ಅಜ್ಜಿ ಅವತ್ತು ಕೇಳಿದ ಮಂತ್ರವಾದಿ ಈ ಸಿನಿಮಾದಲ್ಲಿ ಬಂದೇ ಬಂದ.

ನಮ್ಮ ಕಡೆ ಇದು ಇಷ್ಟು ಹತ್ತಿರ ಆಗಲು ಇನ್ನೊಂದು ಕಾರಣ ಉಂಟು. ಇಲ್ಲಿ ಕುಲೆಗಳು ಅಂದರೆ ತೀರಿಹೋದ ಮನೆಯವರೇ. ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುವ ಮನೆಗಳಿವೆ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿಗೆ, ಬದುಕಿದ್ದರೆ ಈಗ ಮದುವೆಯ ಪ್ರಾಯ ಅಂತ ಲೆಕ್ಕ ಹಾಕಿ, ಸಂಬಂಧ ಹುಡುಕಿ ಪ್ರೇತ ಮದುವೆ ಮಾಡುವವರು ಈಗಲೂ ಇದ್ದಾರೆ. ಅವರೊಂದಿಗೆ ಮಾತಾಡುವುದು, ಬೈಯುವುದು ನಮಗೆ ದಿನದ ವಿಷಯ. ಹಾಗಾಗಿ ಕುಲೆಯ ಮೇಲೆ ತಮಾಷೆ ನಡೆಯುತ್ತದೆ. ದೈವದ ಮೇಲೆ ನಡೆಯುವುದಿಲ್ಲ. ಈ ಗೆರೆ ಎಲ್ಲಿದೆ ಅಂತ ‘ಸು ಫ್ರಮ್ ಸೋ’ ಮಾಡಿದವರಿಗೆ ಚೆನ್ನಾಗಿ ಗೊತ್ತು. ಹೊರಗಿನವರು ಇದೇ ಕತೆ ಮಾಡಿದ್ದರೆ ಎಡವುತ್ತಿದ್ದರು ಅಂತ ನನ್ನ ಗುಮಾನಿ.

ಮಾತಿನ ಸಿನಿಮಾಕ್ಕೆ ಇರುವ ಮಿತಿಯೂ ಇದೇ. ಬ್ಯಾರಿ ಹುಡುಗ ಇದನ್ನು ಮೊದಲು ಮಲಯಾಳಂ ಡಬ್ಬಿಂಗಿನಲ್ಲಿ ನೋಡಿದ್ದ. ಚೆನ್ನಾಗಿತ್ತು, ಆದರೆ ಇಷ್ಟು ನಗು ಬಂದಿರಲಿಲ್ಲ ಅಂದ. ಎರಡನೆಯ ತೊಂದರೆ, ನಮ್ಮವರ ಫ್ಲ್ಯಾಶ್‌ಬ್ಯಾಕ್ ಚಟ. ತಮಿಳಿನ ‘ಕಾಂಚನಾ’ (2011) ಆಗಲಿ, ಉಪೇಂದ್ರ ನಟಿಸಿದ ಅದರ ಕನ್ನಡ ರೀಮೇಕ್ ‘ಕಲ್ಪನಾ’ (2012) ಆಗಲಿ, ಅರ್ಧ ದಾರಿಯವರೆಗೆ ನಗಿಸಿ, ಆಮೇಲೆ ದೆವ್ವದ ಕಣ್ಣೀರ ಕತೆ ಶುರು ಮಾಡುತ್ತವೆ. ಅಲ್ಲಿಗೆ ಕಾಮಿಡಿಯೂ ಹೋಯಿತು, ಹೆದರಿಕೆಯೂ ಹೋಯಿತು. ಉಳಿಯುವುದು ಸೌಂಡ್. ‘ಸು ಫ್ರಮ್ ಸೋ’ ಕೂಡ ಕೊನೆಗೆ ಗಂಭೀರ ಆಗುತ್ತದೆ. ಆದರೆ ಸತ್ತವಳ ಹಗೆಯ ಕಡೆ ಹೋಗದೆ, ಬದುಕಿರುವ ಹೆಣ್ಣಿನ ಕಷ್ಟದ ಕಡೆ ತಿರುಗುತ್ತದೆ. ಆ ತಿರುವಿನಲ್ಲಿ ಸ್ವಲ್ಪ ನಿಧಾನ ಅನ್ನಿಸಿತು. ಆದರೂ ಕೈ ಬಿಡಲಿಲ್ಲ.

ಇವೆರಡರ ನಡುವೆ ಸಿಗುವುದು ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ (2017). ಶಿನಿಚಿರೊ ಉಯೆದಾ ಮಾಡಿದ್ದು. ಖರ್ಚು 30 ಲಕ್ಷ ಯೆನ್, ಆಗಿನ ದರಕ್ಕೆ ನಮ್ಮ ಇಪ್ಪತ್ತು ಲಕ್ಷ ರೂಪಾಯಿಯೂ ಇಲ್ಲ. ಮೊದಲ 37 ನಿಮಿಷ ಒಂದೇ ಶಾಟ್. ಪಾಳುಬಿದ್ದ ಕಟ್ಟಡ, ಸಿನಿಮಾ ತಂಡ, ಜೋಂಬಿಗಳು. ನೋಡುವಾಗ ಇದೆಂಥ ಕಳಪೆ ಕೆಲಸ ಅಂತ ಅನ್ನಿಸುತ್ತದೆ. ಅಲ್ಲಲ್ಲಿ ಸುಮ್ಮನೆ ತಡವರಿಸುತ್ತಾರೆ, ಕ್ಯಾಮೆರಾ ನೆಲಕ್ಕೆ ಬಿದ್ದಲ್ಲೇ ಇರುತ್ತದೆ. ಅಕ್ಕ ಸಬ್‌ಟೈಟಲ್ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದವಳು ಬೇಸರದಿಂದ ನಿಲ್ಲಿಸಿಯೇ ಬಿಟ್ಟಳು. ತಾಳಿ. ಆಮೇಲೆ ಆಗುವುದನ್ನು ನಾನು ಹೇಳುವುದಿಲ್ಲ. ಹೇಳಿದರೆ ಸಿನಿಮಾ ಕೊಂದ ಹಾಗೆ. ರಕ್ತದ ಸಿನಿಮಾ ಅಂದುಕೊಂಡದ್ದು ಒಂದು ಕುಟುಂಬದ, ಒಂದು ತಂಡದ ಸಿನಿಮಾ ಆಗುತ್ತದೆ ಅಂತ ಮಾತ್ರ ಹೇಳಬಲ್ಲೆ. ಎರಡನೇ ಸಲ ನೋಡಿದಾಗ ಮೊದಲಿಗಿಂತ ಜಾಸ್ತಿ ನಗು ಬಂದದ್ದು ಇದಕ್ಕೊಂದಕ್ಕೇ.

ಹಾಗಾದರೆ ಯಾರು ಗೆದ್ದರು? ನನ್ನ ಮಟ್ಟಿಗೆ ‘ಸು ಫ್ರಮ್ ಸೋ’ ಮೊದಲು, ಕೂದಲೆಳೆಯ ಅಂತರದಲ್ಲಿ ಜಪಾನಿನದ್ದು. ‘ಈವಿಲ್ ಡೆಡ್ 2’ ಮೂರನೆಯದು, ಅದೂ ಬ್ರೂಸ್ ಕ್ಯಾಂಪ್‌ಬೆಲ್‌ನ ಆ ಕೈಗಾಗಿ. ‘ರೋಮಾಂಚಂ’ ರೂಮ್‌ಮೇಟ್‌ಗಳ ಜೊತೆ ನೋಡಿ, ಮನೆಯವರ ಜೊತೆ ಅಷ್ಟಕ್ಕಷ್ಟೇ. ‘ಬ್ಯಾಡ್ ಟೇಸ್ಟ್’ ಸಿನಿಮಾ ಮಾಡುವ ಹುಚ್ಚಿರುವ ಹುಡುಗರಿಗೆ ತೋರಿಸಲೇಬೇಕು. ಊಟದ ಹೊತ್ತಿನಲ್ಲಿ ಬೇಡ. ‘ಕಾಂಚನಾ’ ಟಿವಿಯಲ್ಲಿ ಬಂದಾಗ ಮೊದಲರ್ಧ ನೋಡಿ ಚಾನೆಲ್ ಬದಲಿಸಿದರೆ ನಷ್ಟವೇನಿಲ್ಲ.

ಭಾವ ಒಪ್ಪಿಲ್ಲ. ಈಗ ಜಾಕ್ಸನ್ ಅವರದ್ದೇ ‘ಬ್ರೇನ್‌ಡೆಡ್’ (1992) ಹಾಕುವ ಅಂತ ಕೂತಿದ್ದಾರೆ. ಅದರ ಕೊನೆಯ ಭಾಗದಲ್ಲಿ ಹೀರೋ ಹುಲ್ಲು ಕತ್ತರಿಸುವ ಮೆಷಿನ್ ಹಿಡಿದು ಜೋಂಬಿಗಳ ಮೇಲೆ ನುಗ್ಗುತ್ತಾನೆ, ಅಲ್ಲಿ 300 ಲೀಟರ್ ನಕಲಿ ರಕ್ತ ಸುರಿದರಂತೆ. ಅಕ್ಕ ಒಂದೇ ಷರತ್ತು ಹಾಕಿದ್ದಾಳೆ: ಮುಂಡಿನ ಬದಲು ಬೇರೆ ಯಾವುದಾದರೂ ಬಟ್ಟೆ ಕಟ್ಟಿಕೊಳ್ಳಿ, ಆ ಮುಂಡು ನೋಡಿದರೇ ನನಗೆ ಊಟ ಸೇರುವುದಿಲ್ಲ ಅಂತ.