ಡಯಾಲಿಸಿಸ್‌ನಲ್ಲಿ "ಎಲ್ಲಾ ನೀರೂ ಇವತ್ತೇ ತೆಗೆದುಬಿಡಿ" ಅನ್ನಬೇಡಿ

ನಾನು ಅಂದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ 74. ಕಿಡ್ನಿ ಕೆಲಸ ಮಾಡದ್ದರಿಂದ ಮಷೀನಿನಲ್ಲಿ ರಕ್ತ ಶುದ್ಧಮಾಡಿ ಮೈಯಲ್ಲಿ ಸೇರಿದ ನೀರು ತೆಗೆಸುವ ಡಯಾಲಿಸಿಸ್, ವಾರಕ್ಕೆ ಮೂರು ಸಲ: ಸೋಮ, ಬುಧ, ಶುಕ್ರ. ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, 50 ಕೆಜಿ. ತಮ್ಮನ ಮನೆ ಗೃಹಪ್ರವೇಶ ಅಂತ ಒಂದು ಶುಕ್ರವಾರ ತಪ್ಪಿಸಿದೆವು. ಕುಡಿಯುವ ನೀರನ್ನೇನೋ ಅಳೆದೇ ಕೊಟ್ಟೆವು. ಸಾರು, ಪಾಯಸ, ಮಜ್ಜಿಗೆ ಲೆಕ್ಕಕ್ಕೇ ಬರಲಿಲ್ಲ. ಹಪ್ಪಳ, ಉಪ್ಪಿನಕಾಯಿ ತಿಂದ ಮೇಲೆ ಬಾಯಾರದೆ ಇರುತ್ತದೆಯೇ? ಸೋಮವಾರ ತೂಕ 54.2. ಹೆಚ್ಚಿದ್ದೆಲ್ಲ ಹೆಚ್ಚುಕಡಿಮೆ ನೀರೇ. ಕೆಜಿಗೆ ಒಂದು ಲೀಟರ್.

ಟೆಕ್ನಿಷಿಯನ್ ಹುಡುಗ "ಎರಡೂವರೆ ಲೀಟರ್ ತೆಗೆಯೋಣ ಸಾರ್, ನಾಳೆ ಇನ್ನೊಂದ್ಸಲ ಬನ್ನಿ" ಅಂದ. ಮತ್ತೆ ರಜೆ, ಮತ್ತೆ ಬಸ್ಸು. ಡಾಕ್ಟರನ್ನೂ ಕೇಳದೆ, ಗೋಗರೆದು ನಾಲ್ಕು ಲೀಟರಿಗೆ ಒಪ್ಪಿಸಿದೆ.

ಹುಡುಗನ ಲೆಕ್ಕವನ್ನು ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಗಂಟೆಗೆ, ತೂಕದ ಪ್ರತಿ ಕೆಜಿಗೆ 13 ಎಂಎಲ್ ದಾಟದಂತೆ ನೋಡಿಕೊಳ್ಳುತ್ತಾರೆ. 50 ಕೆಜಿಯವರಿಗೆ ನಾಲ್ಕು ಗಂಟೆಗೆ 2.6 ಲೀಟರ್. ಮಷೀನ್ ನೀರೆಳೆಯುವುದು ರಕ್ತದಿಂದ. ಕಾಲಿನ ಬಾವಿನಲ್ಲಿ ನಿಂತ ನೀರು ನಿಧಾನಕ್ಕೆ ರಕ್ತಕ್ಕೆ ಮರಳಬೇಕು. ಅದು ಮರಳುವ ಮುಂಚೆಯೇ ಎಳೆದರೆ ಬಿಪಿ ಕುಸಿಯುತ್ತದೆ. ವಯಸ್ಸಾದ ಹೃದಯ ಅದನ್ನು ಸಂಭಾಳಿಸಲಾರದು. ಸಾಲದ್ದಕ್ಕೆ ಬೆಳಗ್ಗೆ ಬಿಪಿ 170 ಇತ್ತೆಂದು ಮಾತ್ರೆ ಕೊಟ್ಟಿದ್ದೆ, ನಡುವೆ ಎರಡು ಇಡ್ಲಿ ತಿನ್ನಿಸಿದ್ದೆ. ತಿಂದಾಗ ರಕ್ತ ಹೊಟ್ಟೆಯ ಕಡೆ ಹರಿದು ಬಿಪಿ ಇನ್ನೂ ಇಳಿಯುತ್ತದೆ.

ಮೂರನೇ ಗಂಟೆಗೆ ಅಮ್ಮ ಆಕಳಿಸತೊಡಗಿದಳು. ಒಂದರ ಹಿಂದೊಂದು. ನಿದ್ದೆ ಬಂತೇನೋ ಅಂತ ಹೊದಿಕೆ ಎಳೆದೆ. ಅದೇ ಮುನ್ಸೂಚನೆ, ನನಗೆ ಗೊತ್ತಿರಲಿಲ್ಲ. ಆಮೇಲೆ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು, ಹಣೆ ತುಂಬ ತಣ್ಣನೆ ಬೆವರು. "ಕಣ್ಣು ಮಂಜಾಗ್ತಿದೆ ಕಣೋ" ಅಂದಳು. ಬಿಪಿ 76/40. ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲೆತ್ತಿ ಮಲಗಿಸಿ, ಸಲೈನ್ ಬಿಟ್ಟರು.

ಚೇತರಿಸಿಕೊಂಡಳು. ಆದರೆ ಮರುದಿನ ಬೆಳಗ್ಗೆ ಎಡಗೈ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಅದರ ಮೇಲೆ ಬೆರಳಿಟ್ಟರೆ ಅದುರುವಿಕೆಯೇ ಇಲ್ಲ. ದಿನವೂ ಬೆಕ್ಕು ಗುರುಗುಟ್ಟಿದ ಹಾಗಿರುತ್ತಿತ್ತು. ಬಿಪಿ ಅಷ್ಟು ಬಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದಂತೆ. ಡಯಾಲಿಸಿಸ್‌ಗೆಂದು ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಅನ್ನೋ ಕೊಳವೆ ಹಾಕಿಸಬೇಕಾಯಿತು.

ಈಗ ಆಕಳಿಕೆ ಬಂದರೂ ಕೂಗಿ ಹೇಳುತ್ತೇನೆ. ಬಿಪಿ ಮಾತ್ರೆಯ ಹೊತ್ತನ್ನು ಡಾಕ್ಟರ್ ಬದಲಿಸಿದ್ದಾರೆ. ನೀವಾಗಿ ನೀವೇ ನಿಲ್ಲಿಸಬೇಡಿ, ಕೇಳಿ. ಯಾರೋ ಹೇಳಿದರೆಂದು ಕಡಿಮೆ ಸೋಡಿಯಂನ ಉಪ್ಪು ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಡಯಾಲಿಸಿಸ್‌ನಲ್ಲಿರುವವರ ಹೃದಯಕ್ಕೆ ಅಪಾಯ. ನೆಂಟರು ಪ್ರೀತಿಯಿಂದ ತರುವ ಎಳನೀರೂ ಅಷ್ಟೇ.

ಇನ್ನೊಂದು. ಡ್ರೈ ವೇಟ್ ಒಮ್ಮೆ ಬರೆದಿಟ್ಟರೆ ಮುಗಿಯಿತು ಅಂದುಕೊಂಡಿದ್ದೆವು. ಜ್ವರ ಬಂದು, ಊಟ ಬಿಟ್ಟು ಮೈ ಇಳಿದರೆ ಮಾಂಸ ಕರಗಿದಷ್ಟೂ ನೀರು ತುಂಬಿಕೊಂಡು ತಕ್ಕಡಿ ಮಾತ್ರ ಹಳೆಯ 50 ಅನ್ನೇ ತೋರಿಸುತ್ತದೆ. ಅಮ್ಮನದನ್ನು ಕಳೆದ ತಿಂಗಳು ಸ್ವಲ್ಪಸ್ವಲ್ಪವಾಗಿ 48.5ಕ್ಕೆ ಇಳಿಸಿದರು. ಉಸಿರು ಕಟ್ಟುತ್ತದೆಂದು ರಾತ್ರಿ ಮೂರು ದಿಂಬು ಇಟ್ಟುಕೊಳ್ಳುತ್ತಿದ್ದಳು. ಈಗ ಒಂದು ಸಾಕು.