ರೀಲು ತೊಳೆಸುವುದು: ಊರಿನ ಲ್ಯಾಬು, ಬೆಂಗಳೂರಿನ ಪಾರ್ಸೆಲ್ಲು, ಮನೆಯ ಟ್ಯಾಂಕು

ಶಿವಮೊಗ್ಗದಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದವರಿಗೆ ರೀಲು ತೊಳೆಸಲು, ಅಂದರೆ ಡೆವಲಪ್ ಮಾಡಿಸಲು, ಈಗ ಮೂರು ದಾರಿ ಇವೆ. ಊರಿನಲ್ಲೇ ಉಳಿದಿರುವ ಹಳೆಯ ಕಲರ್ ಲ್ಯಾಬಿಗೆ ಕೊಡಬಹುದು, ಬೆಂಗಳೂರಿನ ಲ್ಯಾಬಿಗೆ ಪಾರ್ಸೆಲ್ ಹಾಕಬಹುದು, ಇಲ್ಲವೇ ಮನೆಯಲ್ಲೇ ಬೆಳಕು ನುಗ್ಗದ ಟ್ಯಾಂಕಿನಲ್ಲಿ ತೊಳೆದುಕೊಳ್ಳಬಹುದು. ಮೂರನ್ನೂ ಒಂದೇ ಅಳತೆಯಲ್ಲಿ ನೋಡಬೇಕೆಂದು ಒಂದೇ ಬ್ಯಾಚಿನ ಕೊಡಕ್ ಗೋಲ್ಡ್ 200 ರೀಲುಗಳಲ್ಲಿ, ಒಂದೇ ಕ್ಯಾಮೆರಾ ಬಳಸಿ, ಟ್ರೈಪಾಡ್ ಮೇಲಿಟ್ಟು ಅದೇ ಚಿತ್ರಗಳನ್ನು ತೆಗೆದು ಹಂಚಿದೆವು. ಬೂದು ಬಣ್ಣದ ಕಾರ್ಡು, ಅಂಗಳದಲ್ಲಿ ಹರವಿದ ಕೆಂಪಡಿಕೆ, ಅಡಿಕೆ ತೋಟದೊಳಗಿನ ನೆರಳು, ಒಂದು ಮುಖ. ಬಣ್ಣ ಕೆಟ್ಟರೆ ಕೆಂಪಡಿಕೆ ತಕ್ಷಣ ಹೇಳುತ್ತದೆ. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಸೋತರೆ ತೋಟದ ನೆರಳು ಹೇಳುತ್ತದೆ.

ಮೊದಲೇ ಒಂದು ಮಾತು: ಮೊಬೈಲಿಗೆ ಬಂದ ಸ್ಕ್ಯಾನ್ ನೋಡಿ ಲ್ಯಾಬಿಗೆ ಅಂಕ ಕೊಡಬೇಡಿ. ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್ ಚಿತ್ರ ಮಂಕಾದ ತೆಳು ನೆಗೆಟಿವನ್ನೂ ಎತ್ತಿ ತೋರಿಸುತ್ತದೆ, ಒಳ್ಳೆಯ ನೆಗೆಟಿವನ್ನೂ ಹಾಳು ಮಾಡಿ ತೋರಿಸುತ್ತದೆ. ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸಬಹುದು, ಡೆವಲಪ್ ಮಾಡುವುದು ಒಂದೇ ಸಲ. ಆದ್ದರಿಂದ ನೆಗೆಟಿವನ್ನೇ ಬೆಳಕಿಗೆ ಹಿಡಿದು ಅಂಚನ್ನು ನೋಡಿ. ರಂಧ್ರಗಳ ಪಕ್ಕದಲ್ಲಿ ಫಿಲ್ಮಿನ ಹೆಸರು, ಫ್ರೇಮ್ ಸಂಖ್ಯೆ ಇರುತ್ತವೆ. ಅವು ಕಾರ್ಖಾನೆಯಲ್ಲೇ ಅಳತೆಯ ಬೆಳಕು ಕೊಟ್ಟು ಅಚ್ಚಾದ ಅಕ್ಷರಗಳು. ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಕಮ್ಮಿ ಬಿದ್ದಿದೆ, ತಪ್ಪು ಮೀಟರಿಂಗಿನದು. ಅಕ್ಷರವೂ ಮಂಕಾಗಿದ್ದರೆ ತಪ್ಪು ಲ್ಯಾಬಿನದು. ಕೌಂಟರಿನಲ್ಲಿ ವಾದಕ್ಕಿಳಿಯುವ ಮೊದಲು ಇದನ್ನು ನೋಡಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಊರಿನ ಲ್ಯಾಬು

ಇಲ್ಲಿರುವುದು ಮಿನಿಲ್ಯಾಬ್ ಯಂತ್ರ. ಫಿಲ್ಮಿನ ತುದಿಯನ್ನು ಪ್ಲಾಸ್ಟಿಕ್ ಲೀಡರ್ ಕಾರ್ಡಿಗೆ ಟೇಪ್ ಹಾಕಿ ಬಿಟ್ಟರೆ ರೋಲರುಗಳು ಅದನ್ನು ಡೆವಲಪರ್, ಬ್ಲೀಚ್, ಫಿಕ್ಸರ್, ಸ್ಟೆಬಿಲೈಸರ್ ತೊಟ್ಟಿಗಳ ಮೂಲಕ ಎಳೆದುಕೊಂಡು ಹೋಗುತ್ತವೆ. ಕಲರ್ ನೆಗೆಟಿವಿನ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಇರಬೇಕು, ಸಮಯ 3 ನಿಮಿಷ 15 ಸೆಕೆಂಡು. ಶಾಖದಲ್ಲಿ 0.15 ಡಿಗ್ರಿಗಿಂತ ಹೆಚ್ಚು ಏರುಪೇರಾಗಬಾರದು. ಈ ಕೆಲಸವನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಬರುವುದು ರೀಲುಗಳ ಸಂಖ್ಯೆಯಿಂದ. ಪ್ರತಿ ರೀಲು ಹೋದಾಗ ಯಂತ್ರ ಅಷ್ಟಿಷ್ಟು ಹೊಸ ಡೆವಲಪರನ್ನು ತಾನೇ ಸೇರಿಸಿಕೊಳ್ಳುತ್ತದೆ. ದಿನಕ್ಕೆ ಹತ್ತಾರು ರೀಲು ಓಡುತ್ತಿದ್ದ ಕಾಲದಲ್ಲಿ ತೊಟ್ಟಿ ಸದಾ ತಾಜಾ ಇರುತ್ತಿತ್ತು. ಈಗ ವಾರಕ್ಕೆ ಬೆರಳೆಣಿಕೆಯಷ್ಟು ಬಂದರೆ ಅದೇ ರಾಸಾಯನಿಕ ಗಾಳಿಗೆ ಆಕ್ಸಿಡೈಸ್ ಆಗುತ್ತಾ, ನೀರು ಆವಿಯಾಗುತ್ತಾ ಕೂತಿರುತ್ತದೆ.

ಫಲಿತಾಂಶದಲ್ಲೂ ಇದೇ ಕಂಡಿತು. ರೀಲುಗಳು ಸೇರಿದ್ದ ದಿನ ತೊಳೆದ ನೆಗೆಟಿವು ಬೆಂಗಳೂರಿನದರ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗದಷ್ಟು ಚೆನ್ನಾಗಿತ್ತು. ಯಂತ್ರ ಬಹಳ ದಿನ ನಿಂತು ಮತ್ತೆ ಓಡಿದಾಗ ಕೊಟ್ಟ ರೀಲಿನಲ್ಲಿ ಅಂಚಿನ ಅಕ್ಷರ ಮಂಕು, ಅಡಿಕೆ ಮರದ ಬುಡದ ನೆರಳಿನಲ್ಲಿ ಏನೂ ಇಲ್ಲ. ಕೆಂಪಡಿಕೆಯ ಬಿಸಿಲು ಬಿದ್ದ ಭಾಗ ಗುಲಾಬಿಗೆ ವಾಲಿದರೆ ನೆರಳಿನ ಭಾಗ ಹಸಿರಿಗೆ ವಾಲಿತ್ತು. ನೆರಳಿಗೊಂದು ಬಣ್ಣ, ಬಿಸಿಲಿಗೊಂದು ಬಣ್ಣ ಬಂದುಬಿಟ್ಟರೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಮಾಡಲು ಹೋದಾಗ ಇನ್ನೊಂದು ಕೆಡುತ್ತದೆ. ಹಾಗಾಗಿ ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು ದರವನ್ನಲ್ಲ. "ಅಣ್ಣ, ಮಷೀನ್ ಯಾವ ದಿನ ಓಡಿಸ್ತೀರಿ? ಕಂಟ್ರೋಲ್ ಸ್ಟ್ರಿಪ್ ಹಾಕಿ ನೋಡಿದ್ದು ಯಾವಾಗ?" ಕಂಟ್ರೋಲ್ ಸ್ಟ್ರಿಪ್ ಎಂದರೆ ರಾಸಾಯನಿಕ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯ ಫಿಲ್ಮ್ ತುಣುಕು. ಈ ಎರಡಕ್ಕೂ ನೇರ ಉತ್ತರ ಬಂದರೆ ನಿಶ್ಚಿಂತೆಯಿಂದ ಕೊಡಿ, ಅವರು ಹೇಳಿದ ದಿನಕ್ಕೇ ಕೊಡಿ.

ಬ್ಲೀಚ್ ಸೋತಿದ್ದರೆ ಲಕ್ಷಣ ಬೇರೆ. ನೆಗೆಟಿವು ತೆಳುವಾಗುವ ಬದಲು ಮಣ್ಣುಮಣ್ಣಾಗಿ ಗಾಢವಾಗುತ್ತದೆ, ಬಣ್ಣ ಸಪ್ಪೆಯಾಗಿ ಗ್ರೇನ್ (ಚಿತ್ರದ ಕಾಳುಗಳು) ಎದ್ದು ಕಾಣುತ್ತದೆ. ಬ್ಲೀಚು, ಫಿಕ್ಸರು ಸೇರಿ ತೆಗೆಯಬೇಕಿದ್ದ ಬೆಳ್ಳಿ ಒಳಗೇ ಉಳಿದುಬಿಟ್ಟಿದೆ ಎಂದರ್ಥ. ಇದಕ್ಕೆ ಪರಿಹಾರ ಇದೆ: ತಾಜಾ ಬ್ಲೀಚು, ಫಿಕ್ಸರಿನಲ್ಲಿ ಇನ್ನೊಮ್ಮೆ ಹಾಯಿಸಿ ತೊಳೆದರೆ ಸರಿಹೋಗುತ್ತದೆ, ಕತ್ತಲೆಯೂ ಬೇಕಿಲ್ಲ. ಅಂಥ ನೆಗೆಟಿವನ್ನು ಎಸೆಯಬೇಡಿ.

ಉದ್ದಕ್ಕೂ ನೇರ ಗೀರು ಬಿದ್ದಿದ್ದರೆ ರೀಲಿನ ಕೊನೆಯ ತುಣುಕು ನೋಡಿ. ಸ್ಪೂಲಿಗೆ ಅಂಟಿಕೊಂಡಿರುವ ಆ ಕೆಲವು ಸೆಂಟಿಮೀಟರ್ ಕ್ಯಾಮೆರಾದ ಗೇಟನ್ನು (ಚಿತ್ರ ಬೀಳುವ ಕಿಂಡಿ) ಹಾಯುವುದೇ ಇಲ್ಲ. ಗೀರು ಅಲ್ಲೂ ಇದ್ದರೆ ಯಂತ್ರದ ರೋಲರಿನದು. ಅದಕ್ಕೂ ಮುಂಚೆ ನಿಂತಿದ್ದರೆ ನಿಮ್ಮ ಕ್ಯಾಮೆರಾದಲ್ಲಿ ಫಿಲ್ಮನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಒರೆಸಿಕೊಳ್ಳಿ. ಈ ತುಣುಕು ನಿಮಗೆ ಸಿಗಬೇಕಾದರೆ "ಕಟ್ ಮಾಡಬೇಡಿ, ಹಾಗೇ ಸುತ್ತಿ ಕೊಡಿ" ಎಂದು ಮೊದಲೇ ಹೇಳಬೇಕು. ಸ್ಕ್ಯಾನಿಗೂ ಹಾಗೆಯೇ. ಸುಮ್ಮನಿದ್ದರೆ ಸಿಕ್ಕಿದ್ದು ಸುಮಾರು 1,500 ಪಿಕ್ಸೆಲ್ ಅಗಲದ ಫೈಲು. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟಿಗೆ ಸಾಕು, ಗೋಡೆಗೆ ಹಾಕಲು ಸಾಲದು.

ಇಲ್ಲಿಗೆ ಕೊಡಲೇಬಾರದ ರೀಲುಗಳು ಎರಡು. ಮಾಮೂಲಿ ಕಪ್ಪುಬಿಳುಪು ಫಿಲ್ಮ್ ಸಿ-41ರಲ್ಲಿ ಹೋದರೆ ಬ್ಲೀಚು, ಫಿಕ್ಸರು ಸೇರಿ ಚಿತ್ರವೇ ಆಗಿರುವ ಬೆಳ್ಳಿಯನ್ನೆಲ್ಲ ತೆಗೆದುಹಾಕಿ ಖಾಲಿ ಪಟ್ಟಿ ವಾಪಸ್ ಬರುತ್ತದೆ. ಸಿ-41ಕ್ಕೆಂದೇ ಮಾಡಿದ ಇಲ್‌ಫೋರ್ಡ್ ಎಕ್ಸ್‌ಪಿ2 ಮಾತ್ರ ಇದಕ್ಕೆ ಹೊರತು. ಇನ್ನೊಂದು, ಸಿನಿಮಾ ಫಿಲ್ಮನ್ನು ಕತ್ತರಿಸಿ ಡಬ್ಬಿಗೆ ತುಂಬಿ ಮಾರುವ ರೀಲು. ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಲೇಪ ಇರುವುದಾದರೆ ಅದು ತೊಟ್ಟಿಯಲ್ಲಿ ಕಳಚಿ ಯಂತ್ರವನ್ನೂ ನಿಮ್ಮ ಹಿಂದೆ ಬಂದ ಗಿರಾಕಿಯ ಮದುವೆ ರೀಲನ್ನೂ ಕೆಡಿಸುತ್ತದೆ. ಡಬ್ಬಿಯ ಮೇಲೆ ಏನೂ ಬರೆದಿಲ್ಲವೆಂದು ಸುಮ್ಮನಿರಬೇಡಿ, ಬಾಯಿಬಿಟ್ಟು ಹೇಳಿ.

ಬೆಂಗಳೂರಿನ ಪಾರ್ಸೆಲ್ಲು

ಸಿನಿಮಾ ಫಿಲ್ಮ್, ಅಗಲವಾದ 120 ರೀಲು, ಸ್ಲೈಡ್ ಫಿಲ್ಮ್ ತೊಳೆಯುವ ಇ-6 ವಿಧಾನ, ಕಮ್ಮಿ ಬೆಳಕಿನ ರೀಲನ್ನು ಹೆಚ್ಚು ಹೊತ್ತು ಡೆವಲಪ್ ಮಾಡುವ ಒಂದು ಸ್ಟಾಪ್ ಪುಶ್, ಇವೆಲ್ಲ ಬೆಂಗಳೂರಿನಲ್ಲೇ ಆಗಬೇಕು. ಸಿ-41ರಲ್ಲಿ ಒಂದು ಸ್ಟಾಪ್ ಪುಶ್ ಎಂದರೆ ಡೆವಲಪರಿನಲ್ಲಿ 3 ನಿಮಿಷ 45 ಸೆಕೆಂಡು. ರೀಲುಗಳು ನಿತ್ಯ ಬರುವ ಲ್ಯಾಬಾದ್ದರಿಂದ ಡೆವಲಪರ್ ಸ್ಥಿರವಾಗಿತ್ತು: ಬೇರೆ ಬೇರೆ ಸಲ ಕಳಿಸಿದ ರೀಲುಗಳ ಅಂಚಿನ ಅಕ್ಷರಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಾರ್ಸೆಲ್ ಖರ್ಚಿಗೆ ಸಿಗುವುದು ಈ ನಂಬಿಕೆ. ಖರ್ಚು ಹೋಗಿ ಬರುವ ಎರಡೂ ಕಡೆಗೆ ಬೀಳುವುದರಿಂದ ನಾಲ್ಕೈದು ರೀಲು ಸೇರಿಸಿ ಕಳಿಸುವುದೇ ಲಾಭ. ಆದರೆ ಸೇರಲಿ ಎಂದು ಮಳೆಗಾಲವಿಡೀ ಕಾಯಬೇಡಿ. ತೆಗೆದು ತೊಳೆಯದ ಚಿತ್ರ ಶಾಖಕ್ಕೂ ತೇವಕ್ಕೂ ಮಸುಕಾಗುತ್ತಾ ಹೋಗುತ್ತದೆ.

ಕಟ್ಟುವ ಕ್ರಮ: ರೀಲನ್ನು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ, ಜಿಪ್ ಕವರಿಗೆ ಹಾಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ರತಿ ರೀಲಿನ ಮೇಲೂ ಮಾರ್ಕರಿನಲ್ಲಿ ಸಂಖ್ಯೆ, ಯಾವ ಐಎಸ್‌ಒಗೆ (ಬೆಳಕಿನ ಸೂಕ್ಷ್ಮತೆಯ ಸಂಖ್ಯೆ) ತೆಗೆದದ್ದು, ಪುಶ್ ಬೇಕೇ ಬೇಡವೇ ಎಂದು ಬರೆಯಿರಿ. ಅದನ್ನೇ ಚೀಟಿಯಲ್ಲೂ ಬರೆದು ಒಳಗಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರಿ ಬಸ್ಸಿನ ಪಾರ್ಸೆಲ್ ರಸ್ತೆಯಲ್ಲೇ ಹೋಗುವುದರಿಂದ ಎಕ್ಸ್‌ರೇ ಭಯ ಕಮ್ಮಿ. ವಿಮಾನದಲ್ಲಿ ಹೋಗುವ ಕೊರಿಯರಿಗೆ ತೊಳೆಯದ ರೀಲು ಹಾಕದಿರುವುದೇ ಕ್ಷೇಮ, ಐಎಸ್‌ಒ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು.

ಸ್ಕ್ಯಾನಿನಲ್ಲಿ ಬೆಂಗಳೂರಿನ ಲ್ಯಾಬು ಮುಂದಿದೆ, ಫೈಲೂ ದೊಡ್ಡದು. ಆದರೂ ಆಪರೇಟರ್ ತನ್ನ ಕಣ್ಣಿಗೆ ಹಿತವಾದ ಬಣ್ಣ ಕೊಡುತ್ತಾನೆ. ನಮ್ಮ ಕೆಂಪಡಿಕೆ ಅಲ್ಲಿಂದ ಕಿತ್ತಳೆಯಾಗಿ ಬಂತು, ತೋಟದ ಹಸಿರು ಹಳದಿಗೆ ತಿರುಗಿತ್ತು. ನೆಗೆಟಿವಿನಲ್ಲಿ ಏನೂ ತಪ್ಪಿರಲಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸು, ಸಮನಾದ ಬಿಳಿ ಬೆಳಕಿನ ಹಲಗೆ ಇದ್ದರೆ ಮನೆಯಲ್ಲೇ ಇಡೀ ಫ್ರೇಮನ್ನು 6,000 ಪಿಕ್ಸೆಲ್ ಅಗಲಕ್ಕೆ ತೆಗೆಯಬಹುದು. ಹಾಗಿದ್ದಾಗ ಲ್ಯಾಬಿಗೆ ಡೆವಲಪ್ ಮಾತ್ರ ಹೇಳಿ, ಸ್ಕ್ಯಾನಿನ ಹಣ ಉಳಿಸಿ.

ಮನೆಯ ಟ್ಯಾಂಕು

ಕಪ್ಪುಬಿಳುಪಿಗೆ ಮನೆಗಿಂತ ಒಳ್ಳೆಯ ಲ್ಯಾಬಿಲ್ಲ, ಇದರಲ್ಲಿ ನಮಗೆ ಅನುಮಾನವೇ ಇಲ್ಲ. ಸಿದ್ಧ ಪೊಟ್ಟಣ ಸಿಗದಿದ್ದರೆ ಡಿ-76 ಎಂಬ ಕಪ್ಪುಬಿಳುಪು ಡೆವಲಪರನ್ನು ಬಿಡಿಬಿಡಿಯಾಗಿ ಕೂಡಿಸಬಹುದು. ಸುಮಾರು 50 ಡಿಗ್ರಿಯ 750 ಮಿ.ಲೀ. ನೀರಿಗೆ ಮೊದಲು ಮೆಟಾಲ್ 2 ಗ್ರಾಂ, ಅದು ಕರಗಿದ ಮೇಲೆ ಜಲರಹಿತ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ, ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್. ಸಲ್ಫೈಟ್ ಮೊದಲು ಸುರಿದರೆ ಮೆಟಾಲ್ ಕರಗುವುದಿಲ್ಲ. ಅಂಗಡಿಯಲ್ಲಿ ಸಲ್ಫೈಟ್ ಕೇಳಿದರೆ ಸಲ್ಫೇಟ್ ಕೊಡುವುದುಂಟು, ಚೀಟಿ ಓದಿ ತನ್ನಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಬೇಕೇ ಬೇಕು. ಹಳೆಯ ಸ್ಟುಡಿಯೋದವರು ಹೈಪೋ ಎನ್ನುವ ಸೋಡಿಯಂ ಥಯೋಸಲ್ಫೇಟೇ ಇಲ್ಲಿ ಫಿಕ್ಸರ್. ಫಿಲ್ಮಿನ ಚೂರೊಂದನ್ನು ಅದರಲ್ಲಿ ಮುಳುಗಿಸಿ, ಅದು ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ.

ಇಲ್‌ಫೋರ್ಡ್ ಎಚ್‌ಪಿ5 ರೀಲಿಗೆ ಡಿ-76 ಅನ್ನು ಸಮ ನೀರಿನೊಂದಿಗೆ ಬೆರೆಸಿ 20 ಡಿಗ್ರಿಯಲ್ಲಿ 11 ನಿಮಿಷ. 24 ಡಿಗ್ರಿಯಲ್ಲಿ ಸುಮಾರು ಏಳೂವರೆ. ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲೇ ಏಳೂವರೆ ನಿಮಿಷ, ಏಪ್ರಿಲ್ ಸೆಖೆಯಲ್ಲಿ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಬುಡಮೇಲು ಮಾಡಿ, ಆಮೇಲೆ ಪ್ರತಿ ನಿಮಿಷದ ಆರಂಭಕ್ಕೆ ಅಷ್ಟೇ. ಬೇಸಿಗೆಯಲ್ಲಿ ತೊಳೆಯುವ ನೀರನ್ನು ಮಧ್ಯಾಹ್ನ ತಾರಸಿಯ ಸಿಂಟೆಕ್ಸಿನಿಂದ ಹಿಡಿಯಬೇಡಿ. ಆ ಬಿಸಿಗೆ ಫಿಲ್ಮಿನ ಜೆಲಾಟಿನ್ ಪದರ ಮೆತ್ತಗಾಗಿ ಬೆರಳು ತಾಗಿದಲ್ಲೆಲ್ಲ ಕಿತ್ತುಬರುತ್ತದೆ. ಬೆಳಿಗ್ಗೆಯೇ ಬಕೆಟ್ಟಿನಲ್ಲಿ ತುಂಬಿಟ್ಟುಕೊಳ್ಳಿ.

ಮಳೆಗಾಲದ ಕಾಟ ಬೇರೆ ಥರದ್ದು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಬೆಳಕು ಬೀಳದಂತೆ ಫಿಲ್ಮ್ ತುಂಬುವ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿ, ಆ ತೇವಕ್ಕೆ ಫಿಲ್ಮ್ ಟ್ಯಾಂಕಿನ ಪ್ಲಾಸ್ಟಿಕ್ ರೀಲಿನಲ್ಲಿ (ಫಿಲ್ಮ್ ಸುತ್ತುವ ಚಕ್ರ) ಅರ್ಧಕ್ಕೇ ಅಂಟಿ ನಿಲ್ಲುತ್ತದೆ. ಎಳೆದಾಡಿದರೆ ಫಿಲ್ಮ್ ಮಡಚಿ ಅರ್ಧಚಂದ್ರಾಕಾರದ ಕಲೆಗಳು ಬೀಳುತ್ತವೆ. ಪ್ಲಾಸ್ಟಿಕ್ ರೀಲನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿ, ಬ್ಯಾಗ್ ಬಿಟ್ಟು ರಾತ್ರಿ ಕಿಟಕಿಯಿಲ್ಲದ ಕೋಣೆಯಲ್ಲಿ ತುಂಬಿ, ಅಥವಾ ಸ್ಟೀಲ್ ರೀಲು ಕಲಿಯಿರಿ.

ಸಿ-41 ರಾಸಾಯನಿಕಗಳ ಕಿಟ್ ತಂದು ಕಲರನ್ನೂ ಮನೆಯಲ್ಲಿ ತೊಳೆಯಬಹುದು. ಅಂಚಿನ ಅಕ್ಷರ ಬೆಂಗಳೂರಿನಷ್ಟೇ ಗಾಢವಾಗಿ ಬಂತು, ಧೂಳು ಮಾತ್ರ ಹೆಚ್ಚು. ಆಷಾಢದ ಚಳಿಯಲ್ಲಿ ಟ್ಯಾಂಕಿನ ತಣ್ಣನೆಯ ಗೋಡೆಯೇ ಡೆವಲಪರಿನ ಶಾಖ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು 38 ಡಿಗ್ರಿ ನೀರು ತುಂಬಿ ಒಂದು ನಿಮಿಷ ಬಿಟ್ಟು ಚೆಲ್ಲಿ. ಕರೆಂಟ್ ಹೋದರೆ ಬಚ್ಚಲ ಹಂಡೆಯ ಬಿಸಿನೀರು, ದೊಡ್ಡ ಬಕೆಟ್ಟು, ನಂಬಿಕೆಯ ಥರ್ಮಾಮೀಟರು ಸಾಕು. ಕಲಸಿದ ಡೆವಲಪರ್ ಬಹಳ ದಿನ ಬಾಳದು, ಕಿಟ್ಟಿನ ಚೀಟಿಯಲ್ಲಿ ಹೇಳಿದಷ್ಟು ರೀಲು ಸೇರಿದ ಮೇಲೇ ಕಲಸಿ.

ಮನೆಯಲ್ಲಿ ತೊಳೆದ ಕಪ್ಪುಬಿಳುಪಿಗೆ ಕೊನೆಯ ಮುಳುಗು ಶುದ್ಧ ನೀರಿನದಾಗಿರಲಿ. ಜಂಬಿಟ್ಟಿಗೆ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಕಣ ಬರುತ್ತದೆ, ಬೋರ್‌ವೆಲ್ ನೀರು ಒಣಗಿದ ಕಡೆ ಬಿಳಿ ಕಲೆ ಬಿಡುತ್ತದೆ. ಡಿಸ್ಟಿಲ್ಡ್ ವಾಟರಿಗೆ ನೀರಿನ ಕಲೆ ತಡೆಯುವ ಫೋಟೋ-ಫ್ಲೋ ದ್ರಾವಣವನ್ನು 200ಕ್ಕೆ 1ರಂತೆ ಹಾಕಿ ಅರ್ಧ ನಿಮಿಷ ಮುಳುಗಿಸಿ ನೇತುಹಾಕಿ. ಸೌದೆ ಒಲೆಯ ಹೊಗೆ, ಅಡಿಕೆ ಸುಲಿಯುವ ಧೂಳು ಇಲ್ಲದ ಜಾಗ ನೋಡಿಕೊಳ್ಳಿ. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಬಿಡದೆ ಕವರಿಗೆ ಹಾಕಬಾರದು. ಒದ್ದೆ ಎಮಲ್ಷನ್ (ಚಿತ್ರವಿರುವ ಪದರ) ಪ್ಲಾಸ್ಟಿಕ್ಕಿಗೆ ಅಂಟಿ ಹೊಳೆಯುವ ಮಚ್ಚೆಯಾಗುತ್ತದೆ, ಆಮೇಲೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಆರಾರು ಫ್ರೇಮಿಗೆ ಕತ್ತರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬಣ್ಣ ಬದಲಾದಾಗಲೆಲ್ಲ ಹುರಿದು ಮತ್ತೆ ಹಾಕಿ.