ಗಾಡಿ ಓಡಿದರೂ ಬ್ಯಾಟರಿ ತುಂಬಲಿಲ್ಲ: ಡಿಸಿ-ಡಿಸಿ ಚಾರ್ಜರ್ ಬಳಸಿದ ಅನುಭವ

ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಹಾಗೆ ಮಾಡಿಸಿದ ವ್ಯಾನ್ ನಮ್ಮದು. ಫ್ರಿಜ್, ಫ್ಯಾನ್, ಲೈಟಿಗೆ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ. ಮೊದಲು ಎಂಜಿನ್ ಬ್ಯಾಟರಿಗೂ ಇದಕ್ಕೂ ನಡುವೆ ಬರೀ ಒಂದು ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್, ಇತ್ತು. ಹುಬ್ಬಳ್ಳಿಯಿಂದ ಹಾವೇರಿ ತನಕ ಓಡಿಸಿದರೂ ಚಾರ್ಜ್ ಇದ್ದಲ್ಲೇ ಇರುತ್ತಿತ್ತು. ಕೂಡಿಸಿದವನಿಗೆ ಫೋನ್ ಮಾಡಿದರೆ, "ಬ್ಯಾಟರೀನ ಹೋಗೇತ್ರಿ, ಬ್ಯಾರೇದು ಹಾಕ್ರಿ" ಅಂದ.

ಬ್ಯಾಟರಿಗೆ ಏನೂ ಆಗಿರಲಿಲ್ಲ. ಈಗಿನ ಬಿಎಸ್-6 ಗಾಡಿಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ) ಇರುತ್ತದೆ. ಎಂಜಿನ್ ಬ್ಯಾಟರಿ ತುಂಬಿದರೆ ಡೀಸೆಲ್ ಉಳಿಸಲು ಅದು ವೋಲ್ಟೇಜ್ ಇಳಿಸುತ್ತದೆ. ನಮ್ಮ ರಿಲೇ 13.3 ವೋಲ್ಟಿಗೆ ಆನ್, 12.8ಕ್ಕೆ ಆಫ್; ವೋಲ್ಟೇಜ್ ಇಳಿದರೆ ಅದು ಕೊಂಡಿ ಕಡಿದುಬಿಡುತ್ತಿತ್ತು. ಲಿಥಿಯಂ ಪೂರ್ತಿ ತುಂಬಲು 14.2ರ ಮೇಲೆ ಬೇಕು. ಎಲ್ಲಿಂದ ಬರಬೇಕು?

ಅದಕ್ಕೇ 30 ಆಂಪ್ ಡಿಸಿ-ಡಿಸಿ ಚಾರ್ಜರ್ ತಂದೆ. ಬರುವ ವೋಲ್ಟೇಜ್ ಕಡಿಮೆ ಇದ್ದರೂ ಏರಿಸಿ ಕೊಡುತ್ತದೆ. ದುಡ್ಡು ಮಾತ್ರ ರಿಲೇಗಿಂತ ಎಷ್ಟೋ ಪಟ್ಟು ಜಾಸ್ತಿ. ಅದೂ ಶುರುವಿನಲ್ಲಿ ಆನ್ ಆಗಿ, ಆಫ್ ಆಗಿ ಆಟ ಆಡಿತು. ಮಲ್ಟಿಮೀಟರ್ ಹಿಡಿದು ನೋಡಿದೆ. ಎಂಜಿನ್ ಬ್ಯಾಟರಿಯಲ್ಲಿ 13.9, ಚಾರ್ಜರ್ ಬಾಯಲ್ಲಿ 12ರ ಆಸುಪಾಸು. ಅರ್ಥ್ ಬೋಲ್ಟನ್ನು (ನೆಗೆಟಿವ್ ತಂತಿಯನ್ನು ಗಾಡಿಯ ಬಾಡಿಗೆ ಸೇರಿಸುವ ಬೋಲ್ಟ್) ಪೇಂಟಿನ ಮೇಲೇ ಬಿಗಿದಿದ್ದರು! ಉಜ್ಜಿ, ತಗಡು ಹೊಳೆಯುವಂತೆ ಮಾಡಿ ಬಿಗಿದ ಮೇಲೆ ಸರಿಯಾಯಿತು. ಒಂದು ಮಾತು: ಚಾರ್ಜ್ ಆಗುತ್ತಿರುವಾಗಲೇ ಅಳೆಯಿರಿ. ಕರೆಂಟ್ ಹರಿಯದಿದ್ದರೆ ಕೆಟ್ಟ ಜೋಡಣೆಯೂ ಸರಿಯಾಗೇ ತೋರಿಸುತ್ತದೆ.

ಆಮೇಲೆ ಮಜಾನೇ ಮಜಾ. ಗದಗ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಟರಿ ತುಂಬುತ್ತದೆ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಂತರೆ ನನ್ನ ಕೈ ಮೊದಲು ಮೊಬೈಲಿಗೆ ಹೋಗುತ್ತದೆ, ಎಷ್ಟು ಪರ್ಸೆಂಟ್ ಆಯ್ತು ಅಂತ. "ಮೊದಲ ಚಹಾ ಕುಡೀರಿ, ಆರತೈತಿ" ಎಂದು ಮನೆಯವರು ಬೈಯುತ್ತಾರೆ. ಬೆಳಗ್ಗೆ ಮಿಕ್ಸಿ ಹಾಕಲೂ ಈಗ ಹೆದರಿಕೆ ಇಲ್ಲ. ಇನ್ವರ್ಟರ್ ಮೇಲೆ ಮಿಕ್ಸಿ 40 ಆಂಪ್ ಎಳೆದರೂ ಚಟ್ನಿ ರುಬ್ಬೋದು ಎರಡು ನಿಮಿಷದ ಕೆಲಸ, ಅಲ್ವಾ?

ನನ್ನ ಖುಷಿ ಏಪ್ರಿಲ್ ತನಕ ಮಾತ್ರ. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಚಾರ್ಜರ್ ಕಾದು, 30 ಆಂಪ್ 15ಕ್ಕೆ ಇಳಿಯಿತು. ಬಿಸಿಯಾದರೆ ತಾನೇ ಕರೆಂಟ್ ಇಳಿಸುವುದು ಅದರ ಗುಣ. ಸರಿ, ಆದರೆ ನಮ್ಮ ಕಡೆಯ ಬಿಸಿಲಿಗೆ ಮಾರುವವರು ಇದನ್ನು ಮೊದಲೇ ಹೇಳಬೇಡವೇ? ಈಗ ಡ್ರೈವರ್ ಸೀಟಿನ ಹಿಂದೆ, ಗಾಳಿಯಾಡುವಲ್ಲಿ ಇಟ್ಟಿದ್ದೇನೆ. ಕರೆಂಟ್ ಪೂರ್ತಿ ಬರುತ್ತದೆ, ಅದರ ಫ್ಯಾನ್ ಕಿವಿಯ ಹಿಂದೆಯೇ ಗುಂಯ್ ಅನ್ನುತ್ತದೆ.

ಹಳೆಯ ಗಾಡಿ, ಸಾದಾ ಆಲ್ಟರ್ನೇಟರ್, ಲೆಡ್ ಆ್ಯಸಿಡ್ ಬ್ಯಾಟರಿ ಇದ್ದವರು ಇಷ್ಟು ಖರ್ಚು ಮಾಡಬೇಡಿ. ದಪ್ಪ ಕೇಬಲ್, ಫ್ಯೂಸು, ಒಳ್ಳೆಯ ರಿಲೇ ಸಾಕು.